ಪರಿಚಯದವರ ಮೂಲಕ ಕೆಲಸ ಹುಡುಕುವುದು ಹೇಗೆ: ಮೊದಲ ಮೆಸೇಜ್‌ನಿಂದ ಆಫರ್ ಲೆಟರ್‌ವರೆಗೆ

ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದು ಪಿಜಿಯಲ್ಲಿ ಕೂತು, ಬೆಳಿಗ್ಗೆ ಎದ್ದ ಕೂಡಲೇ ನೌಕ್ರಿ, ಲಿಂಕ್ಡ್‌ಇನ್ ತೆಗೆದು ಕಂಡ ಕಂಡ ಕಡೆಗೆಲ್ಲ ಅಪ್ಲೈ ಒತ್ತುತ್ತಿರುವವರು ಸಾವಿರಗಟ್ಟಲೆ ಇದ್ದಾರೆ. ಸಂಜೆಯಾದರೂ ಒಂದು ಫೋನ್ ಬರುವುದಿಲ್ಲ. ಊರಿಂದ ಅಮ್ಮ ಫೋನ್ ಮಾಡಿ "ಏನಾಯ್ತಪ್ಪಾ" ಅಂದರೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ. ಈ ಬರಹ ಮುಖ್ಯವಾಗಿ ಅವರಿಗೆ. ಜೊತೆಗೆ ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಹೋಗಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳಿಗೆ, ಐಟಿಐ ಅಥವಾ ಡಿಪ್ಲೊಮಾ ಮಾಡಿಕೊಂಡು ಫ್ಯಾಕ್ಟರಿ ಕೆಲಸ ಹುಡುಕುತ್ತಿರುವವರಿಗೂ.

ಆನ್‌ಲೈನ್‌ನಲ್ಲಿ ಅಪ್ಲೈ ಮಾಡುವುದನ್ನು ಬಿಡಬೇಡಿ. ಆದರೆ ದಿನಕ್ಕೆ 4 ಗಂಟೆ ಅದಕ್ಕೆ ಕೊಡುತ್ತಿದ್ದರೆ, ಅದರಲ್ಲಿ 2 ಗಂಟೆ ಕಡಿಮೆ ಮಾಡಿ ಜನರ ಹತ್ತಿರ ಮಾತಾಡಲು ಇಟ್ಟುಕೊಳ್ಳಿ. ಯಾರ ಹತ್ತಿರ, ಏನಂತ, ಯಾವ ಕ್ರಮದಲ್ಲಿ ಅನ್ನುವುದನ್ನೇ ಮುಂದೆ ಬರೆದಿದ್ದೇನೆ.

ಕಂಪನಿ ಒಳಗೆ ಏನು ನಡೆಯುತ್ತದೆ

ಒಂದು ಟೀಮಿನಲ್ಲಿ ಯಾರೋ ರಾಜೀನಾಮೆ ಕೊಟ್ಟರು ಅಂತಿಟ್ಟುಕೊಳ್ಳಿ. ಮ್ಯಾನೇಜರ್‌ಗೆ ಆ ಜಾಗ ಬೇಗ ತುಂಬಬೇಕು. ಅವರು ಮೊದಲು ಮಾಡುವ ಕೆಲಸ ಅಂದರೆ ತಮ್ಮ ಟೀಮಿನವರನ್ನೇ "ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ?" ಅಂತ ಕೇಳುವುದು. ಆಮೇಲೆ ಎಚ್‌ಆರ್‌ನವರು ಅದನ್ನು ಕಂಪನಿಯ ಒಳಗಿನ ಪೋರ್ಟಲ್‌ಗೆ ಹಾಕುತ್ತಾರೆ. ಹೊರಗಡೆ ಜಾಹೀರಾತು ಬರುವುದು ಅದರ ಜೊತೆಗೋ, ಅದಾದ ಮೇಲೋ. ಹೊರಗಡೆ ಹಾಕಿದ ಕೂಡಲೇ ನೂರಾರು ರೆಸ್ಯೂಮೆ ಬಂದು ಬೀಳುತ್ತವೆ. ಎಲ್ಲವನ್ನೂ ಓದಲು ಯಾರಿಗೂ ಪುರುಸೊತ್ತಿಲ್ಲ. ಒಳಗಿನವರೊಬ್ಬರು "ಈ ಹುಡುಗಿಯನ್ನು ನೋಡಿ" ಅಂತ ಕಳಿಸಿದ ರೆಸ್ಯೂಮೆಯನ್ನು ಮಾತ್ರ ಯಾರಾದರೂ ತೆಗೆದು ನೋಡೇ ನೋಡುತ್ತಾರೆ. ರೆಫರಲ್ ಅಂದರೆ ಅಷ್ಟೇ. ಅದು ಕೆಲಸ ಕೊಡಿಸುವುದಿಲ್ಲ, ನಿಮ್ಮ ರೆಸ್ಯೂಮೆ ಒಬ್ಬ ಮನುಷ್ಯನ ಕಣ್ಣಿಗೆ ಬೀಳುವಂತೆ ಮಾಡುತ್ತದೆ. ಟೆಸ್ಟು, ಇಂಟರ್‌ವ್ಯೂ ನೀವೇ ಗೆಲ್ಲಬೇಕು.

ಇನ್ನೊಂದು ವಿಷಯ. ತುಂಬಾ ಕಂಪನಿಗಳಲ್ಲಿ ಹೀಗೆ ರೆಫರ್ ಮಾಡಿದವರು ಆಯ್ಕೆಯಾದರೆ, ರೆಫರ್ ಮಾಡಿದ ಉದ್ಯೋಗಿಗೆ ಬೋನಸ್ ಕೊಡುತ್ತಾರೆ. ಹಾಗಾಗಿ ನೀವು ಕೇಳುವುದು ಭಿಕ್ಷೆಯಲ್ಲ. ಒಳ್ಳೆಯ ಹುಡುಗ ಹುಡುಗಿಯರು ಸಿಕ್ಕರೆ ಅವರಿಗೂ ಲಾಭವಿದೆ, ಕಂಪನಿಗೂ ಇದೆ. ನಮ್ಮಲ್ಲಿ ಜನ ಕೇಳದೆ ಇರುವುದಕ್ಕೆ ಮುಖ್ಯ ಕಾರಣ ಸಂಕೋಚ, "ಹೆಂಗಪ್ಪ ಕೇಳೋದು, ಏನಂದ್ಕೊಳ್ತಾರೋ" ಅನ್ನುವುದು. ಈ ಬೋನಸ್ ವಿಷಯ ಗೊತ್ತಿದ್ದರೆ ಸಂಕೋಚ ಅರ್ಧ ಇಳಿಯುತ್ತದೆ.

ಯಾರನ್ನು ಕೇಳಬೇಕು ಅನ್ನುವುದಕ್ಕೆ ಒಂದು ಹಳೇ ಅಧ್ಯಯನ ತುಂಬಾ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಪಕ್ಕದ ನ್ಯೂಟನ್ ಅನ್ನುವ ಊರಿನಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದವರನ್ನು "ಈ ಕೆಲಸದ ಸುದ್ದಿ ನಿಮಗೆ ಹೇಗೆ ಸಿಕ್ಕಿತು?" ಅಂತ ಕೇಳಿದರು. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಸಿಕ್ಕಿದ್ದು ಪರಿಚಯದವರಿಂದ. ಅಂಥವರಲ್ಲಿ ಆ ಪರಿಚಯದವರನ್ನು ವಾರಕ್ಕೆ 2 ಸಲವಾದರೂ ಭೇಟಿಯಾಗುತ್ತಿದ್ದವರು 100ಕ್ಕೆ ಸುಮಾರು 17 ಜನ ಮಾತ್ರ. ಉಳಿದವರಿಗೆ ಸಹಾಯ ಮಾಡಿದ್ದು ಯಾವಾಗಲೋ ಒಮ್ಮೆ ಸಿಗುವವರು, ಹಳೇ ಸಹೋದ್ಯೋಗಿಗಳು, ಹೆಚ್ಚುಕಮ್ಮಿ ಮರೆತೇಹೋಗಿದ್ದ ಪರಿಚಯಗಳು. 1973ರಲ್ಲಿ ಅವರು ಇದರ ಬಗ್ಗೆ ಬರೆದಿದ್ದು ಈಗಲೂ ಚರ್ಚೆಯಲ್ಲಿದೆ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ 5 ವರ್ಷಗಳ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಅದರಲ್ಲೂ ತೀರಾ ಹತ್ತಿರದವರಿಗಿಂತ ಸ್ವಲ್ಪ ದೂರದ ಪರಿಚಯಗಳೇ ಕೆಲಸ ಬದಲಿಸಲು ಜಾಸ್ತಿ ನೆರವಾಗಿದ್ದು ಕಂಡುಬಂತು.

ಕಾರಣ ಸರಳ. ನಿಮ್ಮ ರೂಮ್‌ಮೇಟ್‌ಗೆ, ನಿಮ್ಮ ಕ್ಲಾಸ್‌ಮೇಟ್‌ಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತದೆ. ಅವರೂ ಅದೇ ಕೆಲಸ ಹುಡುಕುತ್ತಿರುತ್ತಾರೆ. ಹೊಸ ಸುದ್ದಿ ಬರಬೇಕಾದರೆ ಬೇರೆ ಕಡೆ ಓಡಾಡುವವರಿಂದಲೇ ಬರಬೇಕು. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಹೆಜ್ಜೆಗಳೂ ಇದರ ಮೇಲೆಯೇ ನಿಂತಿವೆ.

ಹಾಗಂತ ಇದೇನೂ ಅಮೆರಿಕದಿಂದ ಬಂದ ವಿದ್ಯೆಯಲ್ಲ. ಉಡುಪಿ, ದಕ್ಷಿಣ ಕನ್ನಡದ ಹುಡುಗರು ಮುಂಬೈಗೆ ಹೋಗಿ ಊರಿನವರ ಹೋಟೆಲಲ್ಲಿ ಸೇರಿಕೊಂಡು, ಹಗಲು ಕೆಲಸ ಮಾಡಿ ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿ, ಮುಂದೆ ತಾವೇ ಹೋಟೆಲ್ ಇಟ್ಟಿದ್ದು, ಬ್ಯಾಂಕು ಆಫೀಸು ಸೇರಿದ್ದು ಇದೇ ದಾರಿಯಲ್ಲಿ. ಮೊದಲು ಹೋದ ಒಬ್ಬರು ಹಿಂದಿನಿಂದ ಹತ್ತು ಜನರನ್ನು ಕರೆಸಿಕೊಳ್ಳುತ್ತಿದ್ದರು. ಗಲ್ಫ್‌ಗೆ ಹೋದ ಕರಾವಳಿಯವರ ಕಥೆಯೂ ಬಹುಮಟ್ಟಿಗೆ ಇದೇ.

1. ಏನು ಕೆಲಸ ಬೇಕು ಅಂತ ಒಂದೇ ಸಾಲಲ್ಲಿ ಹೇಳಲು ಕಲಿಯಿರಿ

"ಯಾವ ಕೆಲಸ ಆದ್ರೂ ಪರವಾಗಿಲ್ಲ ಸರ್, ಒಂದು ಕೆಲಸ ಕೊಡ್ಸಿ." ನಮ್ಮ ಹುಡುಗರು ವಿನಯದಿಂದ ಹೇಳುವ ಈ ಮಾತು ಕೇಳಿಸಿಕೊಂಡವರಿಗೆ ಏನೂ ಮಾಡಲಾಗದಂತೆ ಕೈ ಕಟ್ಟಿಹಾಕುತ್ತದೆ. ಅವರ ತಲೆಯಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. "ನೋಡೋಣಪ್ಪ, ರೆಸ್ಯೂಮೆ ಕಳ್ಸಿರು" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಅದರ ಬದಲು ಹೀಗೆ ಹೇಳಿ ನೋಡಿ: "ನಾನು ಬಿ.ಕಾಂ ಮಾಡಿದ್ದೇನೆ, ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ ಗೊತ್ತು, ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಹುಡುಕುತ್ತಿದ್ದೇನೆ, ಪೀಣ್ಯದಿಂದ ಜಾಲಹಳ್ಳಿ ತನಕ ಎಲ್ಲಿದ್ದರೂ ಆಗುತ್ತದೆ." ಕೇಳಿದವರಿಗೆ ತಕ್ಷಣ ಒಬ್ಬ ಆಡಿಟರ್ ನೆನಪಾಗುತ್ತಾರೆ, ಒಂದು ಫ್ಯಾಕ್ಟರಿಯ ಅಕೌಂಟೆಂಟ್ ನೆನಪಾಗುತ್ತಾರೆ. ಓದಿದ್ದು, ಮಾಡಲು ಬರುವುದು, ಬೇಕಾದ ಕೆಲಸದ ಹೆಸರು, ಜಾಗ. ಈ ನಾಲ್ಕು ಇದ್ದರೆ ಸಾಕು. 2 ತರದ ಕೆಲಸ ಮನಸ್ಸಿನಲ್ಲಿದ್ದರೆ 2 ಸಾಲು ಬರೆದಿಟ್ಟುಕೊಳ್ಳಿ, ಒಬ್ಬರಿಗೆ ಒಂದೇ ಹೇಳಿ.

ಕೆಲಸದ ಹೆಸರೇ ಗೊತ್ತಿಲ್ಲದಿದ್ದರೆ? ತುಂಬಾ ಜನಕ್ಕೆ ಗೊತ್ತಿರುವುದಿಲ್ಲ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆಗ ಮೊದಲ ಕೆಲವು ಫೋನ್‌ಗಳು ಅದನ್ನು ತಿಳಿದುಕೊಳ್ಳುವುದಕ್ಕೇ ಇರಲಿ.

2. ಪಟ್ಟಿ ಮಾಡಿ, ಕಾಗದದ ಮೇಲೆ

"ನಂಗೆ ಯಾರೂ ಗೊತ್ತಿಲ್ಲ" ಅನ್ನುವವರ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಫೋನಿನ ಕಾಂಟ್ಯಾಕ್ಟ್ಸ್ ತೆಗೆದು ಮೊದಲಿಂದ ಕೊನೇ ತನಕ ಒಂದು ಸಲ ನಿಧಾನವಾಗಿ ನೋಡಿ ಅಂದರೆ, ಮರೆತೇಹೋಗಿದ್ದ ಹೆಸರುಗಳು ಒಂದೊಂದಾಗಿ ಸಿಗುತ್ತವೆ. ಪಿಯುಸಿ ಹಾಸ್ಟೆಲ್‌ನಲ್ಲಿ ಪಕ್ಕದ ರೂಮಲ್ಲಿದ್ದವರು. ಕಾಲೇಜಲ್ಲಿ 2 ವರ್ಷ ಸೀನಿಯರ್ ಆಗಿದ್ದವರು. ಎನ್‌ಎಸ್‌ಎಸ್ ಕ್ಯಾಂಪಲ್ಲಿ ಸಿಕ್ಕವರು. ಇಂಟರ್ನ್‌ಶಿಪ್ ಮಾಡಿದ ಕಡೆಯ ಸೂಪರ್‌ವೈಸರ್. ಟ್ಯೂಷನ್ ಮೇಷ್ಟ್ರು. ಅಪ್ಪನ ಜೊತೆ ಕೆಲಸ ಮಾಡಿದವರ ಮಗಳು. ಚಿಕ್ಕಮ್ಮನ ಮನೆ ಓನರ್. ಊರಿನ ಆಡಿಟರ್, ಎಲ್‌ಐಸಿ ಏಜೆಂಟ್. ಕೊನೆಯ ಇಬ್ಬರನ್ನು ಬಿಡಲೇಬೇಡಿ, ಅವರು ನೂರಾರು ಮನೆ, ಅಂಗಡಿ, ಸಣ್ಣ ಕಂಪನಿಗಳ ಒಳಹೊರಗು ಬಲ್ಲವರು.

ಹಳೇ ವಾಟ್ಸಾಪ್ ಗ್ರೂಪ್‌ಗಳನ್ನೂ ತೆಗೆದು ನೋಡಿ. ಮ್ಯೂಟ್ ಮಾಡಿ ಮರೆತಿರುವ ಕಾಲೇಜ್ ಗ್ರೂಪಿನಲ್ಲೇ ಈಗ ಕೆಲಸದಲ್ಲಿರುವ ಹತ್ತಾರು ಜನ ಇರುತ್ತಾರೆ.

ಪಟ್ಟಿ ಆದ ಮೇಲೆ ಪ್ರತಿ ಹೆಸರಿನ ಮುಂದೆ ಮೂರು ವಿಷಯ ಬರೆಯಿರಿ: ಈಗ ಎಲ್ಲಿದ್ದಾರೆ, ನಿಮಗೆ ಹೇಗೆ ಪರಿಚಯ, ಕೊನೇ ಸಲ ಯಾವಾಗ ಮಾತಾಡಿದ್ದು. ಆಮೇಲೆ ತೀರಾ ಹತ್ತಿರದವರ ಪಕ್ಕ ಒಂದು ಗುರುತು, ಅರ್ಧಂಬರ್ಧ ಪರಿಚಯದವರ ಪಕ್ಕ ಇನ್ನೊಂದು ಗುರುತು ಹಾಕಿ. ನಿಮ್ಮ ಹೆಚ್ಚಿನ ಸಮಯ ಈ ಎರಡನೇ ಗುಂಪಿಗೆ ಹೋಗಬೇಕು. ಹತ್ತಿರದವರಿಗೆ ಒಂದು ಸಲ ಸ್ಪಷ್ಟವಾಗಿ "ನಾನು ಇಂಥ ಕೆಲಸ ಹುಡುಕ್ತಿದ್ದೀನಿ" ಅಂತ ಹೇಳಿಟ್ಟರೆ ಸಾಕು. ಸೋದರಮಾವನಿಗೆ ದಿನಾ ನೆನಪಿಸಿದರೆ ಅವರಿಗೂ ಬೇಜಾರು, ನಿಮಗೂ ಬೇಜಾರು.

ಎಲ್ಲಕ್ಕಿಂತ ದೊಡ್ಡ ಹುದ್ದೆಯಲ್ಲಿರುವವರಿಗೆ ಮೊದಲೇ ಫೋನ್ ಮಾಡಬೇಡಿ. ಮೊದಲು ನಿಮ್ಮ ಹಾಗೇ 2-3 ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಸೀನಿಯರ್‌ಗಳ ಹತ್ತಿರ ಮಾತಾಡಿ. ಅವರಿಗೆ ಫ್ರೆಶರ್ ಕಷ್ಟ ಇನ್ನೂ ನೆನಪಿರುತ್ತದೆ. ಇಂಟರ್‌ವ್ಯೂನಲ್ಲಿ ಏನು ಕೇಳಿದರು ಅಂತ ಹೇಳುತ್ತಾರೆ. ಮಾತಾಡಿ ಮಾತಾಡಿ ನಿಮಗೂ ಧೈರ್ಯ ಬಂದಿರುತ್ತದೆ.

3. ಮೆಸೇಜ್ ಕಳಿಸುವ ಮೊದಲು ಮುಗಿಸಬೇಕಾದ ಕೆಲಸ

ಯಾರಾದರೂ "ರೆಸ್ಯೂಮೆ ಕಳ್ಸು" ಅಂದರೆ 5 ನಿಮಿಷದಲ್ಲಿ ಹೋಗಬೇಕು. "ಅಪ್‌ಡೇಟ್ ಮಾಡಿ ನಾಳೆ ಕಳಿಸ್ತೀನಿ ಅಣ್ಣ" ಅಂದರೆ ಅವರ ಗಮನ ಅಷ್ಟೊತ್ತಿಗೆ ಬೇರೆ ಕಡೆ ಹೋಗಿರುತ್ತದೆ.

ಫ್ರೆಶರ್ ಆದರೆ ಒಂದೇ ಪುಟ, ಪಿಡಿಎಫ್. ಫೈಲಿನ ಹೆಸರಲ್ಲಿ ನಿಮ್ಮ ಹೆಸರು ಮತ್ತು ಕೆಲಸದ ಹೆಸರು ಇರಲಿ. ಬರೀ "ರೆಸ್ಯೂಮೆ ಫೈನಲ್" ಅಂತಿದ್ದರೆ ಕಳಿಸಿಕೊಂಡವರ ಫೋನಿನಲ್ಲಿ ಅದು ಕಳೆದೇಹೋಗುತ್ತದೆ. ಅಪ್ಪನ ಹೆಸರು, ಜಾತಿ, ಆಧಾರ್ ನಂಬರ್ ಯಾವುದೂ ಬೇಡ. ಲಿಂಕ್ಡ್‌ಇನ್‌ನಲ್ಲಿ ಫೋಟೋ, ಕಾಲೇಜ್ ಹೆಸರು, ಹೆಡ್‌ಲೈನ್‌ನಲ್ಲಿ ನಿಮ್ಮ ಆ ಒಂದು ಸಾಲು ಇದ್ದರೆ ಆಯಿತು.

4. ಮೊದಲ ಮೆಸೇಜ್

ಜನ ಎಡವುವುದು ಇಲ್ಲೇ. ವಾಟ್ಸಾಪಲ್ಲಿ "ಹಾಯ್ ಸರ್" ಅಂತ ಕಳಿಸಿ ಉತ್ತರಕ್ಕೆ ಕಾಯುತ್ತಾ ಕೂರುತ್ತಾರೆ. ಎದುರಿನವರಿಗೆ ಯಾರು, ಯಾಕೆ, ಏನು ಒಂದೂ ಗೊತ್ತಾಗುವುದಿಲ್ಲ, ಉತ್ತರ ಕೊಡುವುದಿಲ್ಲ. ಇನ್ನು ಕೆಲವರು ಒಂದೇ ಮೆಸೇಜನ್ನು 50 ಜನಕ್ಕೆ ಕಳಿಸುತ್ತಾರೆ, ಜೊತೆಗೆ ರೆಸ್ಯೂಮೆ, "ಎನಿ ಓಪನಿಂಗ್ಸ್ ಪ್ಲೀಸ್" ಅಂತ ಒಂದು ಸಾಲು. ಓದಿದವರಿಗೆ ಇದು ಎಲ್ಲರಿಗೂ ಹೋಗಿದೆ ಅಂತ ಗೊತ್ತಾಗುತ್ತದೆ, ಬೇರೆ ಯಾರೋ ನೋಡಿಕೊಳ್ಳುತ್ತಾರೆ ಬಿಡು ಅಂತ ಸುಮ್ನೆ ಆಗುತ್ತಾರೆ.

ಕಾಲೇಜ್ ಸೀನಿಯರ್ ಒಬ್ಬರಿಗೆ ಬರೆಯಬಹುದಾದ ಮೆಸೇಜ್ ಇದು:

"ನಮಸ್ಕಾರ ಅಕ್ಕ, ನಾನು ಕಾಲೇಜಲ್ಲಿ ನಿಮಗಿಂತ 2 ವರ್ಷ ಜೂನಿಯರ್, ಬಿ.ಕಾಂ. ಎನ್‌ಎಸ್‌ಎಸ್ ಕ್ಯಾಂಪಲ್ಲಿ ಅಡುಗೆ ಟೀಮಲ್ಲಿ ಒಟ್ಟಿಗೆ ಇದ್ವಿ. ನೀವು ಈಗ ಅಕೌಂಟ್ಸ್ ಪೇಯಬಲ್ ಟೀಮಲ್ಲಿ ಇದ್ದೀರಿ ಅಂತ ಲಿಂಕ್ಡ್‌ಇನ್‌ನಲ್ಲಿ ನೋಡಿದೆ. ನಾನೂ ಅದೇ ತರದ ಕೆಲಸ ಹುಡುಕ್ತಿದ್ದೀನಿ. ಊರಲ್ಲಿ ಆಡಿಟರ್ ಆಫೀಸಲ್ಲಿ 8 ತಿಂಗಳು ಕೆಲಸ ಮಾಡಿದ್ದೀನಿ, ಟ್ಯಾಲಿ, ಜಿಎಸ್‌ಟಿ ರಿಟರ್ನ್ ಬರುತ್ತೆ. ಫ್ರೆಶರ್ಸ್ ತಗೊಳ್ಳುವಾಗ ನಿಮ್ಮ ಕಡೆ ಏನೇನು ನೋಡ್ತಾರೆ ಅಂತ ತಿಳ್ಕೋಬೇಕಿತ್ತು. ಶನಿವಾರ ಅಥವಾ ಭಾನುವಾರ ನಿಮಗೆ ಅನುಕೂಲ ಆಗೋ ಹೊತ್ತಲ್ಲಿ 10 ನಿಮಿಷ ಫೋನ್ ಮಾಡ್ಲಾ? ಬಿಡುವಿಲ್ಲ ಅಂದ್ರೆ ಇಲ್ಲೇ ಎರಡು ಸಾಲು ಬರೆದ್ರೂ ಸಾಕು ಅಕ್ಕ."

ಇದರಲ್ಲಿ ಏನಿದೆ ನೋಡಿ. ಯಾರು ಅಂತ ಮೊದಲ ಸಾಲಲ್ಲೇ ಗೊತ್ತಾಗುತ್ತದೆ. ಇಬ್ಬರಿಗೂ ಸೇರಿದ ಒಂದು ನೆನಪಿದೆ, ಅದೂ ನಿಜವಾದದ್ದು. ಅವರ ಬಗ್ಗೆ ವಿಚಾರಿಸಿಕೊಂಡು ಬರೆದಿದ್ದೀರಿ. ಕೇಳಿದ್ದು ಕೆಲಸವನ್ನಲ್ಲ, 10 ನಿಮಿಷವನ್ನು. ಕೆಲಸ ಕೊಡಿಸುವುದು ಅವರ ಕೈಯಲ್ಲಿ ಇಲ್ಲದೇ ಇರಬಹುದು, 10 ನಿಮಿಷ ಕೊಡುವುದು ಇದೆ. ಆಗುವುದಿಲ್ಲ ಅನ್ನಬೇಕಾದರೂ ಮುಜುಗರವಿಲ್ಲದ ದಾರಿ ಬಿಟ್ಟಿದ್ದೀರಿ. ಗಮನಿಸಿ, ಇದರ ಜೊತೆ ರೆಸ್ಯೂಮೆ ಇಲ್ಲ. ಅವರು ಕೇಳಿದಾಗ ಕಳಿಸಿ.

ಕರೆಯುವ ರೀತಿ ಮುಖ್ಯ. ಕಾಲೇಜಲ್ಲಿ ಅಕ್ಕ, ಅಣ್ಣ ಅಂತ ಕರೆಯುತ್ತಿದ್ದರೆ ಈಗಲೂ ಹಾಗೇ ಕರೆಯಿರಿ. ಇದ್ದಕ್ಕಿದ್ದಂತೆ ಸರ್, ಮೇಡಂ ಅಂದರೆ ದೂರ ಮಾಡಿದಂತಾಗುತ್ತದೆ. ಅಪ್ಪನ ಪರಿಚಯದವರಿಗೆ "ಸರ್" ಸರಿ, "ನಾನು ಇಂಥವರ ಮಗ" ಅಂತ ಮೊದಲು ಹೇಳಿ. ಒಂದು ಸಲವೂ ನೋಡದವರಿಗೆ ಹುಟ್ಟೂರು ಒಂದೇ ಅಂತ ಗೊತ್ತಾದ ಮಾತ್ರಕ್ಕೆ ಅಣ್ಣ ಅನ್ನಬೇಡಿ, ಅವರೇ ಸಲಿಗೆ ಕೊಟ್ಟ ಮೇಲೆ ನೋಡೋಣ. ಕನ್ನಡದಲ್ಲಿ ಬರೆಯಬೇಕಾ ಇಂಗ್ಲಿಷಿನಲ್ಲಾ ಅಂದರೆ, ಆ ಮನುಷ್ಯ ಎದುರಿಗೆ ಸಿಕ್ಕರೆ ಯಾವ ಭಾಷೆಯಲ್ಲಿ ಮಾತಾಡುತ್ತೀರೋ ಅದರಲ್ಲೇ. ಎದುರಿಗೆ ಸಿಕ್ಕರೆ ಕನ್ನಡದಲ್ಲಿ ಮಾತಾಡುವವರಿಗೆ ತಡಬಡಾಯಿಸುವ ಇಂಗ್ಲಿಷಿನಲ್ಲಿ ಬರೆದು ನಿಮ್ಮ ಶಕ್ತಿ ಕಳೆದುಕೊಳ್ಳಬೇಡಿ. ವಾಯ್ಸ್ ನೋಟ್ ಮಾತ್ರ ಬೇಡ, ಆಫೀಸಿನಲ್ಲಿ ಕೂತವರಿಗೆ ಅದನ್ನು ಕೇಳಲಾಗುವುದಿಲ್ಲ.

ಲಿಂಕ್ಡ್‌ಇನ್‌ನ ಉಚಿತ ಖಾತೆಯಲ್ಲಿ ಕನೆಕ್ಷನ್ ರಿಕ್ವೆಸ್ಟ್ ಜೊತೆ ಟಿಪ್ಪಣಿ ಬರೆಯಲು ತಿಂಗಳಿಗೆ ಕೆಲವೇ ಅವಕಾಶ ಇರುತ್ತವೆ, ಅಕ್ಷರಗಳ ಮಿತಿಯೂ ಇದೆ. ಆ ಅವಕಾಶಗಳನ್ನು ನಿಜವಾಗಿ ಬೇಕಾದವರಿಗೆ ಇಟ್ಟುಕೊಳ್ಳಿ. ಉಳಿದವರಿಗೆ ಟಿಪ್ಪಣಿ ಇಲ್ಲದೆ ಕಳಿಸಿ, ಅವರು ಒಪ್ಪಿಕೊಂಡ ಮೇಲೆ ಬರೆಯಿರಿ.

5. ಆ ಹತ್ತು ನಿಮಿಷದಲ್ಲಿ ಏನು ಮಾತಾಡಬೇಕು

ಫೋನ್ ಮಾಡಿದ ಕೂಡಲೇ "ಈಗ ಮಾತಾಡಬಹುದಾ?" ಅಂತ ಕೇಳಿ. ಊರಿನ ಮಾತು ಒಂದೆರಡು ನಿಮಿಷ ಇರಲಿ, ಅದಿಲ್ಲದಿದ್ದರೆ ನಮ್ಮವರಿಗೆ ಮಾತು ಮುಂದುವರಿಯುವುದೇ ಇಲ್ಲ ಅಲ್ವಾ. ಆಮೇಲೆ ವಿಷಯಕ್ಕೆ ಬನ್ನಿ.

ಕೇಳಬೇಕಾದ್ದು ಗೂಗಲ್‌ನಲ್ಲಿ ಸಿಗದೇ ಇರುವುದನ್ನು. ದಿನಾ ಏನು ಕೆಲಸ ಇರುತ್ತದೆ? ಸೇರುವಾಗ ಯಾವುದು ಗೊತ್ತಿದ್ದರೆ ಚೆನ್ನಾಗಿತ್ತು ಅಂತ ಈಗ ಅನಿಸುತ್ತದೆ? ಎಕ್ಸೆಲ್‌ನಲ್ಲಿ ನಿಜವಾಗಿ ಎಷ್ಟು ಬರಬೇಕು, ವಿಲುಕಪ್, ಪಿವೋಟ್ ಟೇಬಲ್ ಅನ್ನುವ ಅದರ ಸೌಲಭ್ಯಗಳು ಗೊತ್ತಿದ್ದರೆ ಸಾಕಾ? ಇಂಟರ್‌ವ್ಯೂ ಎಷ್ಟು ಸುತ್ತು, ಇಂಗ್ಲಿಷ್ ಎಷ್ಟು ನೋಡುತ್ತಾರೆ? ರಾತ್ರಿ ಶಿಫ್ಟ್ ಇದೆಯಾ, ಕ್ಯಾಬ್ ಕೊಡುತ್ತಾರಾ? ಕಂಪನಿ ನೇರವಾಗಿ ತೆಗೆದುಕೊಳ್ಳುತ್ತದಾ, ಇಲ್ಲ ಮಧ್ಯದಲ್ಲಿ ಕಾಂಟ್ರಾಕ್ಟ್ ಕಂಪನಿ ಇದೆಯಾ? ಕೊನೆಯ ಪ್ರಶ್ನೆಗೆ ಉತ್ತರ ಯಾವ ಜಾಹೀರಾತಿನಲ್ಲೂ ಸರಿಯಾಗಿ ಇರುವುದಿಲ್ಲ. ಸಂಬಳ, ಪಿಎಫ್, ರಜೆ ಎಲ್ಲ ಅದರ ಮೇಲೆ ನಿಂತಿರುತ್ತದೆ.

ಅವರು ಹೇಳಿದ್ದನ್ನು ಬರೆದುಕೊಳ್ಳಿ. ಮಧ್ಯೆ ಬಾಯಿ ಹಾಕಬೇಡಿ. ಸಂಬಳ ಎಷ್ಟು ಬರುತ್ತದೆ ಅಂತ ಅವರದ್ದನ್ನು ಕೇಳಬೇಡಿ, "ಹೊಸಬರಿಗೆ ಸುಮಾರು ಎಷ್ಟು ಕೊಡ್ತಾರೆ" ಅಂತ ಕೇಳಬಹುದು.

ಮುಗಿಸುವ ಮೊದಲು ಈ ಪ್ರಶ್ನೆ ತಪ್ಪದೆ ಕೇಳಿ: "ಈ ವಿಷಯದಲ್ಲಿ ಇನ್ಯಾರ ಹತ್ರ ಮಾತಾಡಿದ್ರೆ ನಂಗೆ ಅನುಕೂಲ ಆಗುತ್ತೆ ಅಕ್ಕ? ನಿಮ್ಮ ಹೆಸರು ಹೇಳ್ಬಹುದಾ?" ಇಡೀ ಮಾತುಕತೆಯಲ್ಲಿ ಇದಕ್ಕಿಂತ ಬೆಲೆಬಾಳುವ ಪ್ರಶ್ನೆ ಇಲ್ಲ. ಅವರು ಒಂದು ಹೆಸರು ಕೊಟ್ಟರೂ ನಿಮ್ಮ ಪಟ್ಟಿಯಲ್ಲಿ ಇಲ್ಲದ, ನಿಮಗೆ ಗೊತ್ತೇ ಇರದ ಒಬ್ಬ ಮನುಷ್ಯನ ತನಕ ದಾರಿ ಸಿಕ್ಕಿತು. ಅಲ್ಲಿ ನೀವು ಅಪರಿಚಿತರಲ್ಲ, "ಇಂಥವರು ಹೇಳಿದ್ರು" ಅಂತ ಹೋದವರು. ಎಷ್ಟೋ ಸಲ ಕೆಲಸ ಸಿಗುವುದು ಮೊದಲು ಫೋನ್ ಮಾಡಿದವರಿಂದಲ್ಲ, ಅವರು ತೋರಿಸಿದ ಎರಡನೆಯವರಿಂದಲೋ ಮೂರನೆಯವರಿಂದಲೋ.

ಅದೇ ದಿನ ಸಂಜೆ ಎರಡು ಸಾಲಿನ ಥ್ಯಾಂಕ್ಸ್ ಕಳಿಸಿ. ಅವರು ಏನಾದರೂ ಕಲಿಯಲು ಹೇಳಿದ್ದರೆ ಕಲಿತ ಮೇಲೆ ತಿಳಿಸಿ: "ನೀವು ಹೇಳಿದ ಹಾಗೆ ಪಿವೋಟ್ ಟೇಬಲ್ ಕಲಿತೆ ಅಕ್ಕ, ಆಡಿಟರ್ ಆಫೀಸಿನ ಒಂದು ಲೆಕ್ಕದಲ್ಲಿ ಬಳಸಿಯೂ ನೋಡಿದೆ." ಇಂಥ ಒಂದು ಸಾಲು ಬಂದರೆ ಅವರು ನಿಮ್ಮನ್ನು ಮರೆಯುವುದಿಲ್ಲ. ಹೇಳಿದ್ದನ್ನು ಮಾಡುವವರು ಅಷ್ಟು ಅಪರೂಪ.

6. ರೆಫರಲ್ ಕೇಳುವಾಗ

ಮಾತಾಡಿದ ಮೇಲೆ ಅವರ ಕಂಪನಿಯಲ್ಲಿ ನಿಮಗೆ ಹೊಂದುವ ಜಾಗ ಕಂಡರೆ ಆಗ ನೇರವಾಗಿ ಕೇಳಿ, ಸುತ್ತಿ ಬಳಸಿ ಬೇಡ. ಆದರೆ ಕೇಳುವ ಮೊದಲು ಅವರ ಕೆಲಸ ಸುಲಭ ಮಾಡಿಕೊಡಿ.

ಕಂಪನಿಯ ಕೆರಿಯರ್ಸ್ ಪುಟಕ್ಕೆ ಹೋಗಿ ಆ ಹುದ್ದೆಯ ಜಾಬ್ ಐಡಿ ನಂಬರ್ ತೆಗೆದುಕೊಳ್ಳಿ. "ನಂಗೆ ಸೂಟ್ ಆಗೋದು ಯಾವುದಾದ್ರೂ ಇದ್ರೆ ನೋಡಿ" ಅಂದರೆ ಹುಡುಕುವ ಕೆಲಸ ಅವರ ತಲೆಗೆ ಬಿತ್ತು, ಅವರು ಹುಡುಕುವುದಿಲ್ಲ. ಜಾಬ್ ಐಡಿ, ಲಿಂಕ್, ರೆಸ್ಯೂಮೆ, ನಿಮ್ಮ ಇಮೇಲ್ ಮತ್ತು ಫೋನ್ ನಂಬರ್ ಒಂದೇ ಮೆಸೇಜಿನಲ್ಲಿ ಇರಲಿ. ಜೊತೆಗೆ ಅವರು ಹಾಗೇ ಕಾಪಿ ಮಾಡಿ ಮ್ಯಾನೇಜರ್‌ಗೆ ಕಳಿಸಬಹುದಾದ 3-4 ಸಾಲು ಇಂಗ್ಲಿಷಿನಲ್ಲಿ ಬರೆದುಕೊಡಿ, ಅವರೇ ನಿಮ್ಮ ಬಗ್ಗೆ ಹೇಳುತ್ತಿರುವ ಹಾಗೆ. ಅಂದರೆ "ಇವಳು ನನ್ನ ಕಾಲೇಜಿನವಳು, ಆಡಿಟರ್ ಆಫೀಸಲ್ಲಿ 8 ತಿಂಗಳು ಜಿಎಸ್‌ಟಿ ರಿಟರ್ನ್ ಮಾಡಿದ್ದಾಳೆ, ಟ್ಯಾಲಿ ಮತ್ತು ಎಕ್ಸೆಲ್ ಬರುತ್ತದೆ, ತಕ್ಷಣ ಸೇರಬಹುದು" ಅನ್ನುವ ಅರ್ಥ ಬರುವಂತೆ. ಇಲ್ಲದ್ದನ್ನು ಸೇರಿಸಬೇಡಿ. ಅಲ್ಲಿ ಅವರ ಹೆಸರೂ ಇರುತ್ತದೆ, ನೀವು ಇಂಟರ್‌ವ್ಯೂನಲ್ಲಿ ಸಿಕ್ಕಿಬಿದ್ದರೆ ತಲೆ ತಗ್ಗಿಸಬೇಕಾದವರು ಅವರು.

ಒಂದು ಎಚ್ಚರ. ರೆಫರಲ್ ಸಿಗುವ ಸಾಧ್ಯತೆ ಇರುವ ಕಂಪನಿಗೆ ನೀವೇ ಮೊದಲು ಅಪ್ಲೈ ಮಾಡಬೇಡಿ. ತುಂಬಾ ಕಡೆ ನಿಮ್ಮ ಇಮೇಲ್ ಒಮ್ಮೆ ಅವರ ಸಿಸ್ಟಮ್‌ಗೆ ಹೋದರೆ, ಆಮೇಲೆ ಕೆಲವು ತಿಂಗಳ ಮಟ್ಟಿಗೆ ಅದನ್ನು ರೆಫರಲ್ ಅಂತ ಪರಿಗಣಿಸುವುದಿಲ್ಲ. ಈಗಾಗಲೇ ಅಪ್ಲೈ ಮಾಡಿದ್ದರೆ ಅದನ್ನು ಮುಚ್ಚಿಡಬೇಡಿ, ಮೊದಲೇ ಹೇಳಿ. ಹಾಗೇ ಒಂದೇ ಕಂಪನಿಯಲ್ಲಿ ಇಬ್ಬರ ಹತ್ತಿರ ಗುಟ್ಟಾಗಿ ರೆಫರಲ್ ಕೇಳಬೇಡಿ, ಎರಡನೆಯವರು ಹಾಕಲು ಹೋದಾಗ ಸಿಸ್ಟಮ್ಮೇ ಹೇಳಿಬಿಡುತ್ತದೆ.

ಅವರು ಹಾಕಿದ ಮೇಲೆ ಸಾಮಾನ್ಯವಾಗಿ ನಿಮಗೆ ಒಂದು ಇಮೇಲ್ ಬರುತ್ತದೆ, ಲಿಂಕ್ ಒತ್ತಿ ಅರ್ಜಿ ಪೂರ್ತಿ ಮಾಡಿ ಅಂತ. ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿರಬಹುದು, ಅಲ್ಲೂ ನೋಡಿ. ಕೆಲವು ಲಿಂಕ್‌ಗಳಿಗೆ ಗಡುವು ಇರುತ್ತದೆ. ಅದನ್ನು ತುಂಬದೆ "ಏನಾಯ್ತು ಅಣ್ಣ" ಅಂತ ಕೇಳುತ್ತಾ ಕೂತರೆ ಏನೂ ಆಗಿರುವುದಿಲ್ಲ.

7. ಉತ್ತರ ಬರದಿದ್ದರೆ

ಒಂದು ವಾರ ಬಿಟ್ಟು ಒಂದು ಸಲ ನೆನಪಿಸಿ. ಇನ್ನೂ ಒಂದು ವಾರ, ಹತ್ತು ದಿನ ಬಿಟ್ಟು ಇನ್ನೊಂದು ಸಲ. ಅಲ್ಲಿಗೆ ಸಾಕು, ಮುಂದಿನ ಹೆಸರಿಗೆ ಹೋಗಿ. ಬ್ಲೂ ಟಿಕ್ ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ. ಮಗುವಿಗೆ ಜ್ವರ ಇರಬಹುದು, ಅವರ ಕಂಪನಿಯಲ್ಲೇ ಜನರನ್ನು ಕೆಲಸದಿಂದ ತೆಗೆಯುತ್ತಿರಬಹುದು, ಸುಮ್ನೆ ಮರೆತಿರಬಹುದು. ಇದರಲ್ಲಿ ಯಾವುದೂ ನಿಮ್ಮ ಯೋಗ್ಯತೆಗೆ ಸಂಬಂಧಪಟ್ಟದ್ದಲ್ಲ.

ನೋಟ್‌ಬುಕ್‌ನಲ್ಲಿ ದಿನಾಂಕ ಬರೆಯುತ್ತಾ ಬನ್ನಿ: ಯಾರಿಗೆ ಯಾವಾಗ ಬರೆದೆ, ಏನಂದರು, ಮುಂದೆ ಏನು. ಇದಿಲ್ಲದಿದ್ದರೆ ಒಬ್ಬರಿಗೇ 4 ಸಲ ಕಳಿಸಿ ಇನ್ನೊಬ್ಬರನ್ನು ಮರೆಯುತ್ತೀರಿ. ವಾರಕ್ಕೆ 5 ಹೊಸ ಜನ, ಹಳಬರಲ್ಲಿ 5 ಜನಕ್ಕೆ ನೆನಪು. ಇದಕ್ಕಿಂತ ಜಾಸ್ತಿ ಹಾಕಿಕೊಂಡರೆ ಎರಡನೇ ವಾರಕ್ಕೇ ಸುಸ್ತಾಗುತ್ತೀರಿ.

8. "ನಮ್ಮ ಕಡೆಯಿಂದ ಬೆಂಗಳೂರಲ್ಲಿ ಯಾರೂ ಇಲ್ಲ" ಅನ್ನುವವರಿಗೆ

ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅಪ್ಪ ಅಮ್ಮ ಕೂಲಿ ಮಾಡಿ ಓದಿಸಿದ ಮನೆಯಲ್ಲಿ, ಇಡೀ ಕೇರಿಯಲ್ಲಿ ಮೊದಲ ಡಿಗ್ರಿ ನಿಮ್ಮದೇ ಆಗಿದ್ದರೆ, ಆಫೀಸಿನಲ್ಲಿ ಕೆಲಸ ಮಾಡುವ ಮಾವ ಚಿಕ್ಕಪ್ಪ ಎಲ್ಲಿಂದ ಬರಬೇಕು? ಪರಿಚಯದ ಮೇಲೆ ಕೆಲಸ ಅನ್ನುವ ಈ ಪದ್ಧತಿಯ ದೊಡ್ಡ ಕೊರತೆ ಇದೇ. ಒಳಗಿರುವವರು ತಮ್ಮ ಊರು, ತಮ್ಮ ಜಾತಿ, ತಮ್ಮ ಕಾಲೇಜಿನವರನ್ನೇ ಕರೆದುಕೊಳ್ಳುತ್ತಾ ಹೋದರೆ ಹೊರಗಿರುವವರು ಹೊರಗೇ ಉಳಿಯುತ್ತಾರೆ. ಹಾಗಾಗಿ ಇವರಿಗೆ ಬೇರೆ ಬಾಗಿಲುಗಳನ್ನು ವಿವರವಾಗಿ ಹೇಳಬೇಕು.

ಮೊದಲನೆಯದು ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ. ಅಲ್ಲಿ ಹಳೇ ವಿದ್ಯಾರ್ಥಿಗಳಿಗೆ ಅಂತಲೇ ಒಂದು ವಿಭಾಗ ಇದೆ. ಯಾವ ಊರಲ್ಲಿದ್ದಾರೆ, ಯಾವ ಕಂಪನಿ, ಯಾವ ತರದ ಕೆಲಸ ಅಂತ ಸೋಸಿ ನೋಡಬಹುದು. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನವರೂ ಸಿಗುತ್ತಾರೆ. ಸಣ್ಣ ಕಾಲೇಜಿನಿಂದ ಬಂದವರಿಗೆ ಅದೇ ಕಾಲೇಜಿನ ಹುಡುಗ ಹುಡುಗಿಯರನ್ನು ಕಂಡರೆ ಒಂದು ತರದ ಕರುಳು ಇರುತ್ತದೆ, ದೊಡ್ಡ ಕಾಲೇಜಿನವರಿಗಿಂತ ಬೇಗ ಉತ್ತರ ಕೊಡುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಎರಡನೆಯದು ನಿಮ್ಮ ಲೆಕ್ಚರರ್‌ಗಳು. ಹಳೇ ಬ್ಯಾಚಿನವರು ಎಲ್ಲೆಲ್ಲಿ ಇದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ, ಆದರೆ ಯಾರೂ ಹೋಗಿ ಕೇಳುವುದಿಲ್ಲ. ಫೋನ್ ಬೇಡ, ಊರಿಗೆ ಹೋದಾಗ ಕಾಲೇಜಿಗೇ ಹೋಗಿ ಕೇಳಿ.

ಸಾಫ್ಟ್‌ವೇರ್ ಕಡೆಯವರಾದರೆ ಬೆಂಗಳೂರಿನಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಪೈಥಾನ್ ಬಳಸುವವರ ಬ್ಯಾಂಗ್‌ಪೈಪರ್ಸ್ ಗುಂಪು, ಮುಕ್ತ ತಂತ್ರಾಂಶದವರ ಫಾಸ್ ಯುನೈಟೆಡ್ ಸಂಸ್ಥೆಯ ಭೇಟಿಗಳು, ಇನ್ನೂ ಬೇಕಾದಷ್ಟಿವೆ. ಇಂಥ ಎಷ್ಟೋ ಭೇಟಿಗಳಿಗೆ ಪ್ರವೇಶ ಉಚಿತ. ಹೋಗಿ ಕೊನೇ ಸಾಲಲ್ಲಿ ಕೂತು ಎದ್ದು ಬಂದರೆ ಏನೂ ಸಿಗುವುದಿಲ್ಲ. ಕುರ್ಚಿ ಜೋಡಿಸಲು, ಬಂದವರ ಹೆಸರು ಬರೆದುಕೊಳ್ಳಲು ಸ್ವಯಂಸೇವಕರಾಗಿ ಸೇರಿ. ಮಾತು ಶುರು ಮಾಡಲು ಬಾರದವರಿಗೆ ಕೈಯಲ್ಲೊಂದು ಕೆಲಸ ಇದ್ದರೆ ಮಾತು ತಾನಾಗೇ ಬರುತ್ತದೆ.

ಐಟಿಐ, ಡಿಪ್ಲೊಮಾದವರಿಗೆ ಪೀಣ್ಯ, ಬೊಮ್ಮಸಂದ್ರ, ಜಿಗಣಿಯಂಥ ಕೈಗಾರಿಕಾ ಪ್ರದೇಶಗಳು. ಅಲ್ಲಿನ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಎಷ್ಟೋ ಕೆಲಸ ಆನ್‌ಲೈನ್‌ಗೆ ಬರುವುದೇ ಇಲ್ಲ. ಗೇಟಿನ ಮೇಲೆ ಬೋರ್ಡ್ ಹಾಕುತ್ತಾರೆ, ಇಲ್ಲ ಒಳಗಿರುವ ಆಪರೇಟರ್‌ಗೆ "ಒಬ್ಬ ಸಿಎನ್‌ಸಿ ಹುಡುಗ ಇದ್ರೆ ಕರ್ಕೊಂಡು ಬಾ" ಅನ್ನುತ್ತಾರೆ. ಶಿಫ್ಟ್ ಬಿಡುವ ಹೊತ್ತಿಗೆ ಅಲ್ಲಿನ ಟೀ ಅಂಗಡಿಗಳ ಹತ್ತಿರ ನಿಂತು ಮಾತಾಡಿಸಿದರೆ ಯಾವ ಕಂಪನಿಯಲ್ಲಿ ಜನ ಬೇಕಾಗಿದ್ದಾರೆ, ಎಲ್ಲಿ ಸಂಬಳ ಸರಿಯಾಗಿ ಆಗುತ್ತದೆ, ಎಲ್ಲಿ ಓವರ್‌ಟೈಮ್ ದುಡ್ಡು ಹಿಡಿಯುತ್ತಾರೆ ಎಲ್ಲ ಗೊತ್ತಾಗುತ್ತದೆ.

ಗ್ಯಾಪ್ ತೆಗೆದುಕೊಂಡ ಹೆಣ್ಣುಮಕ್ಕಳು ಮೊದಲು ಹಳೇ ಆಫೀಸಿನವರಿಗೆ ಬರೆಯಿರಿ. 5 ವರ್ಷದಲ್ಲಿ ಅವರು 5 ಬೇರೆ ಬೇರೆ ಕಂಪನಿಗೆ ಹಂಚಿಹೋಗಿರುತ್ತಾರೆ, ನಿಮ್ಮ ಕೆಲಸ ಕಣ್ಣಾರೆ ನೋಡಿದವರು ಬೇರೆ. ಬಿಟ್ಟಿದ್ದಕ್ಕೆ ಕ್ಷಮೆ ಕೇಳುವ ದನಿ ಬೇಡ. "ಮಗಳು ಸ್ಕೂಲಿಗೆ ಹೋಗ್ತಿದ್ದಾಳೆ, ಈಗ ಮತ್ತೆ ಶುರು ಮಾಡ್ತಿದ್ದೀನಿ" ಅಂದರೆ ಸಾಕು. ಇನ್ನು ಯಾರೇ ಆಗಲಿ, ಪರಿಚಯವಿಲ್ಲದವರು "ಬಂದು ಭೇಟಿಯಾಗಿ" ಅಂದರೆ ಆಫೀಸಿನಲ್ಲಿ ಅಥವಾ ಜನ ಇರುವ ಹೋಟೆಲಲ್ಲಿ, ಹಗಲು ಹೊತ್ತಲ್ಲಿ ಮಾತ್ರ. ಬೇರೆ ಜಾಗ ಹೇಳಿದರೆ ಹೋಗಬೇಡಿ, ಕಾರಣವನ್ನೂ ಕೊಡಬೇಕಾಗಿಲ್ಲ.

9. ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ

ನಿಜವಾದ ರೆಫರಲ್‌ಗೆ ಒಂದು ರೂಪಾಯಿಯೂ ಖರ್ಚಿಲ್ಲ. "ಎಚ್‌ಆರ್ ನಮ್ಮೋರೇ, ಬ್ಯಾಕ್‌ಡೋರ್ ಎಂಟ್ರಿ, 2 ಲಕ್ಷ ಕೊಟ್ಟರೆ ಆಫರ್ ಲೆಟರ್" ಅನ್ನುವವರು ಊರೂರಲ್ಲಿ ಇದ್ದಾರೆ, ಕೆಲವೊಮ್ಮೆ ನಿಮ್ಮ ಪರಿಚಯದವರೇ ಅವರನ್ನು ತೋರಿಸಿಕೊಡುತ್ತಾರೆ. ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೈನಿಂಗ್ ಫೀಸು, ವೆರಿಫಿಕೇಶನ್ ಚಾರ್ಜು ಅಂತ ಹೆಸರು ಬೇರೆ ಬೇರೆ, ವಿಷಯ ಒಂದೇ. ಆಫರ್ ಲೆಟರ್ ಕಂಪನಿಯ ಸ್ವಂತ ಡೊಮೇನ್‌ನ ಇಮೇಲಿನಿಂದ ಬಂದಿದೆಯಾ ನೋಡಿ, ಅನುಮಾನ ಬಂದರೆ ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರ್‌ಗೆ ನೀವೇ ಫೋನ್ ಮಾಡಿ ಕೇಳಿ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ಗಲ್ಫ್‌ಗೆ ಕಳಿಸುತ್ತೇವೆ ಅನ್ನುವ ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ಅಂತ ಮೊದಲು ನೋಡಿ, ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಕೆಲಸದ ವೀಸಾ ಮಾಡಿಸೋಣ ಅಂದರೆ ಒಪ್ಪಬೇಡಿ.

ಸರ್ಕಾರಿ ಕೆಲಸದ ವಿಷಯ ಪೂರ್ತಿ ಬೇರೆ. ಅಲ್ಲಿ ಪರಿಚಯ ಉಪಯೋಗಕ್ಕೆ ಬರುವುದು ಯಾವ ಪುಸ್ತಕ ಓದಬೇಕು, ಹೇಗೆ ಓದಬೇಕು ಅಂತ ಕೇಳುವುದಕ್ಕೆ ಮಾತ್ರ. 545 ಪಿಎಸ್‌ಐ ಹುದ್ದೆಗಳ ನೇಮಕಾತಿಯಲ್ಲಿ ಅಕ್ರಮ ನಡೆದು 2022ರಲ್ಲಿ ಇಡೀ ಆಯ್ಕೆಯೇ ರದ್ದಾಯಿತು. ವರ್ಷಗಟ್ಟಲೆ ರೂಮಲ್ಲಿ ಕೂತು ಪ್ರಾಮಾಣಿಕವಾಗಿ ಓದಿ ಪಾಸಾಗಿದ್ದವರೂ ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಯಾರಾದರೂ "ಮಾತಾಡಿದ್ದೀನಿ, ಆಗುತ್ತೆ" ಅಂದರೆ ಆ ಹುಡುಗರನ್ನು ನೆನೆಸಿಕೊಂಡು ಎದ್ದು ಬನ್ನಿ.

10. ಆಫರ್ ಸಿಕ್ಕ ಮೇಲೆ

ನೋಟ್‌ಬುಕ್ ತೆಗೆದು, ಯಾರ್ಯಾರ ಹತ್ತಿರ ಮಾತಾಡಿದ್ದಿರೋ ಅಷ್ಟೂ ಜನಕ್ಕೆ ಒಂದೊಂದು ಮೆಸೇಜ್ ಕಳಿಸಿ, ಕೆಲಸ ಅವರಿಂದ ಸಿಗದೇ ಇದ್ದರೂ ಸರಿ. ಎಲ್ಲಿ ಸಿಕ್ಕಿತು, ಯಾವ ಹುದ್ದೆ, ಅವರು ಹೇಳಿದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು, ಅಷ್ಟು ಬರೆಯಿರಿ. ಬೇರೆ ಕಂಪನಿಯಲ್ಲಿ ರೆಫರ್ ಮಾಡಿ ಕಾಯುತ್ತಿರುವವರಿಗೆ ಇದನ್ನು ಮೊದಲು ತಿಳಿಸಿ, ಅಲ್ಲಿನ ಇಂಟರ್‌ವ್ಯೂಗೆ ಹೇಳದೆ ಕೇಳದೆ ತಪ್ಪಿಸಿಕೊಂಡರೆ ಅವರ ಮಾತಿಗೆ ಬೆಲೆ ಹೋಗುತ್ತದೆ.

ಸೇರಿ ಕೆಲಸ ಅರ್ಥವಾದ ಮೇಲೆ ನೋಡಿ, ನಿಮ್ಮ ಕಂಪನಿಯ ಒಳಗಿನ ಪೋರ್ಟಲ್‌ನಲ್ಲೂ ರೆಫರಲ್ ಪುಟ ಇರಬಹುದು. ಪರಿಚಯದವರು ಯಾರೂ ಇಲ್ಲದ ಒಬ್ಬರನ್ನು, ನಿಮ್ಮ ಊರಿನವರೋ ಜಾತಿಯವರೋ ಅಲ್ಲದ ಒಬ್ಬರನ್ನು ಅದರಲ್ಲಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ. 10 ನಿಮಿಷ ಫೋನಲ್ಲಿ ಮಾತಾಡಿ, ಕೆಲಸ ಬರುತ್ತದೆ ಅನಿಸಿದರೆ ಹಾಕಿ, ಇಲ್ಲವೆನಿಸಿದರೆ ಏನು ಕಲಿಯಬೇಕು ಅಂತ ಬಿಚ್ಚಿ ಹೇಳಿ.

ಇನ್ನೊಂದು. ರೆಫರ್ ಮಾಡಿದವರ ಬೋನಸ್ ಸಾಮಾನ್ಯವಾಗಿ ನೀವು ಸೇರಿದ ಕೂಡಲೇ ಬರುವುದಿಲ್ಲ, ನೀವು ಕೆಲವು ತಿಂಗಳು, ಎಷ್ಟೋ ಕಡೆ 3 ತಿಂಗಳು, ಅಲ್ಲಿ ಉಳಿದ ಮೇಲೆ ಬರುತ್ತದೆ. ಕೆಲಸ ಹಿಡಿಸದೆ ಅದಕ್ಕೂ ಮೊದಲೇ ಬಿಡಬೇಕು ಅನಿಸಿದರೆ, ಎಚ್‌ಆರ್‌ಗೆ ಮೇಲ್ ಹಾಕುವ ಮುಂಚೆ ನಿಮ್ಮನ್ನು ಒಳಗೆ ಕರೆದುಕೊಂಡವರಿಗೆ ಫೋನ್ ಮಾಡಿ ವಿಷಯ ಹೇಳಿ. ಬೇರೆ ಟೀಮಿಗೆ ಹಾಕಿಸುವ ದಾರಿ ಅವರಿಗೇ ಗೊತ್ತಿರಬಹುದು.